ಮೂರು ತಿಂಗಳಲ್ಲಿ ಕಲಿತ ಕನ್ನಡ

ಅಲ್ ಖುವೈರ್, ಮಸ್ಕತ್
9 ನವೆಂಬರ್ 2001

ಅಕ್ಕಾ,

ಕುಳಿತುಕೊಂಡು ಓದು. ಅಂಗನವಾಡಿ ಮಕ್ಕಳಿಗೆ ಉಪ್ಪಿಟ್ಟು ಬಡಿಸುತ್ತ ಓದುವ ಕಾಗದ ಅಲ್ಲ ಇದು!

ನಾನು ಇಲ್ಲಿಗೆ ಬಂದು ನಾಲ್ಕು ತಿಂಗಳಾಯಿತಲ್ಲ, ಈ ನಾಲ್ಕು ತಿಂಗಳಲ್ಲಿ ಬೀದಿಯಲ್ಲಿ ಒಬ್ಬನೇ ಒಬ್ಬ ನನ್ನನ್ನು ತಿರುಗಿ ನೋಡಿಲ್ಲ. ಹುಬ್ಬಳ್ಳಿಯಲ್ಲಿ ಐಟಿಐ ಓದುವಾಗ ಲಾಡ್ಜಿನವನು ಪಾಸ್‌ಪೋರ್ಟ್ ತೋರಿಸು ಅಂದದ್ದು ನೆನಪಿದೆಯಾ? ಯಲ್ಲಾಪುರದ ನಮ್ಮದೇ ಬಸ್ ಸ್ಟ್ಯಾಂಡಿನಲ್ಲಿ ಪ್ರವಾಸಿಗರು ನನ್ನ ಪಕ್ಕ ನಿಂತು ಫೋಟೊ ತೆಗೆಸಿಕೊಂಡದ್ದು? ಇಲ್ಲಿ ಪೊಲೀಸಿನವನು ಕಾರು ನಿಲ್ಲಿಸಿದರೆ ಸೀದಾ ಅರಬ್ಬಿಯಲ್ಲಿ ಮಾತಾಡುತ್ತಾನೆ. ಪೆಟ್ರೋಲ್ ಬಂಕಿನ ಮಲಯಾಳಿ ನನ್ನನ್ನು ಒಮಾನಿಯೆಂದು ತಿಳಿದು ಎದ್ದು ನಿಲ್ಲುತ್ತಾನೆ. ಬಂದ ದಿನದ ಕಥೆ ನಿನಗೆ ಹೇಳಿಯೇ ಇಲ್ಲ. ವಿಮಾನ ನಿಲ್ದಾಣಕ್ಕೆ ನಮ್ಮ ಕಫೀಲ್, ಅಂದರೆ ವೀಸಾ ಕೊಟ್ಟ ಯಜಮಾನರು, ಒಬ್ಬನನ್ನು ಕಳಿಸಿದ್ದರು. ಅವನು 'ರೊನಾಲ್ಡ್ ಸಿದ್ದಿ, ಇಂಡಿಯಾ' ಎಂಬ ಹಲಗೆ ಹಿಡಿದುಕೊಂಡು ಒಂದು ಗಂಟೆ ನನ್ನ ಪಕ್ಕದಲ್ಲೇ ನಿಂತಿದ್ದ. ಹಲಗೆ ಆ ಕಡೆ ತಿರುಗಿತ್ತು, ನನಗೆ ಕಾಣಲಿಲ್ಲ. ಅವನೋ ಇಂಡಿಯಾದವನನ್ನು ಹುಡುಕುತ್ತಿದ್ದ. ಕೊನೆಗೆ ಇಬ್ಬರೂ ಒಟ್ಟಿಗೆ ಚಹಾ ಕುಡಿಯಲು ಹೋದಾಗ ಗೊತ್ತಾಯಿತು!

ಇನ್ನು ಮುಖ್ಯ ಮಾತು. ನಮ್ಮ ಆಫೀಸಿನಲ್ಲಿ ಝುವೈನಾ ಎಂಬ ಹಿರಿಯ ಹೆಂಗಸು ಕಡತಗಳನ್ನು ನೋಡಿಕೊಳ್ಳುತ್ತಾರೆ. ದಿನಾ ಸಂಜೆ ಅವರನ್ನು ಖುರುಮ್‌ನ ಮನೆಗೆ ಬಿಡುವ ಕೆಲಸ ನನ್ನದು. ಅಕ್ಕಾ, ನಮ್ಮ ಆಲಿಸ್ ಅಜ್ಜಿಯ ಹಣೆ, ನಿನ್ನ ಕೂದಲು, ಅಪ್ಪನ ಹಾಗೆ ನಗು! ಹುಟ್ಟಿದ್ದು ಆಫ್ರಿಕಾದ ಝಾಂಜಿಬಾರಿನಲ್ಲಿ. ತಂಗಿಯ ಜೊತೆ ಫೋನಿನಲ್ಲಿ ಮಾತಾಡುವುದು ಸ್ವಾಹಿಲಿ. ಇಂಥವರು ಇಲ್ಲಿ ಸಾವಿರಗಟ್ಟಲೆ ಇದ್ದಾರೆ. ಸರ್ಕಾರದ ಸಚಿವಾಲಯಗಳಲ್ಲಿ ಕುರ್ಚಿ ಹಾಕಿ ಕೂತಿದ್ದಾರೆ, ಯಾರೂ ತಲೆ ತಗ್ಗಿಸುವುದಿಲ್ಲ. ನಾವು ಕಾಡಿನವರಲ್ಲ, ಅಕ್ಕಾ. ನಾವು ಆಫ್ರಿಕಾದವರು. ಒಂದಿಡೀ ಖಂಡ ನಮ್ಮ ಬೆನ್ನಿಗಿದೆ! ಇದನ್ನು ಯಾರಾದರೂ ಮೊದಲೇ ಹೇಳಿದ್ದರೆ ಶಾಲೆಯಲ್ಲಿ ನಾನು ಕೊನೆಯ ಬೆಂಚಿನಲ್ಲಿ ಕೂರುತ್ತಿರಲಿಲ್ಲ.

ಕಳೆದ ಶುಕ್ರವಾರ ಇಲ್ಲಿನ ಕನ್ನಡಿಗರ ಸಂಘದ ರಾಜ್ಯೋತ್ಸವಕ್ಕೆ ಹೋಗಿದ್ದೆ. ಬಿಸಿಬೇಳೆ ಭಾತ್ ಚೆನ್ನಾಗಿತ್ತು. ಒಂದು ಶಾಲು ಹೊದಿಸಿದರು. ಅದರ ಕಥೆ ಇನ್ನೊಮ್ಮೆ.

ಅಜ್ಜಿಗೆ ಹೇಳು, ಅವಳು ಹೊಲಿದು ಕೊಟ್ಟ ಕೌದಿಯನ್ನು ಎಸಿ ಕೋಣೆಯಲ್ಲಿ ದಿನಾ ಹೊದೆಯುತ್ತೇನೆ ಅಂತ.

ನಿನ್ನ ತಮ್ಮ,
ರೊನಾಲ್ಡ್


ಹುಲಿಕಾನ, ಯಲ್ಲಾಪುರ ತಾಲ್ಲೂಕು
30 ನವೆಂಬರ್ 2001

ಖಂಡದ ಒಡೆಯರಾದ ರೊನಾಲ್ಡ್ ಸಾಹೇಬರಿಗೆ,

ನಿನ್ನ ಕಾಗದ ಕುಳಿತುಕೊಂಡೇ ಓದಿದೆ. ಓದಿ ಮುಗಿಸಿ ಎದ್ದು ನಿಂತೆ, ಅಷ್ಟು ಸಿಟ್ಟು ಬಂತು.

ನಿನಗೆ ಖುಷಿಯಾಗಿದೆ, ನನಗೂ ಆಗಿದೆ. ಯಾರೂ ತಿರುಗಿ ನೋಡದ ಬೀದಿಯಲ್ಲಿ ನನ್ನ ತಮ್ಮ ನಡೆಯುತ್ತಿದ್ದಾನೆ ಅಂದರೆ ಕಣ್ಣು ತುಂಬಿ ಬರುತ್ತದೆ. ಆದರೆ ಈ ಆಫ್ರಿಕಾ ಆಫ್ರಿಕಾ ಎನ್ನುವುದನ್ನು ದಯಮಾಡಿ ಅಲ್ಲೇ ಸಮುದ್ರದ ದಂಡೆಯಲ್ಲಿ ಇಟ್ಟು ಬಾ. ಇಲ್ಲಿ ಏನಾಗುತ್ತಿದೆ ಎಂದು ನಿನಗೆ ಗೊತ್ತಿಲ್ಲ.

ಸಿದ್ದಿಗಳನ್ನು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿಸಬೇಕೆಂದು ಅಪ್ಪನ ಕಾಲದಿಂದ ಕೇಳುತ್ತಿದ್ದೇವಲ್ಲ, ಕಡತ ಈಗ ಅಲುಗಾಡಿದೆಯಂತೆ. ಫೆಬ್ರವರಿಯಲ್ಲಿ ಬೆಂಗಳೂರಿನಿಂದ ಒಬ್ಬರು ಸಾಹೇಬರು ನಮ್ಮ ಕೇರಿಗೇ ಬಂದು ವಿಚಾರಣೆ ಮಾಡುತ್ತಾರೆ. ನಮ್ಮ ಸಿದ್ದಿ ಸಂಘಟನೆಯವರು ಮಾತಾಡಲು ನನ್ನನ್ನು ಆರಿಸಿದ್ದಾರೆ. ಅಪ್ಪ ಬೇಸಾಯ ಮಾಡಿದ ಜಾಗದಿಂದ ನಮ್ಮನ್ನು ಎಬ್ಬಿಸಲು ಅರಣ್ಯ ಇಲಾಖೆಯ ಗಾರ್ಡು ವರ್ಷಕ್ಕೆರಡು ಸಲ ಬರುತ್ತಾನೆ. ಪಟ್ಟಿಯಲ್ಲಿ ಹೆಸರು ಬಂದರೆ ಅವನೆದುರು ನಿಲ್ಲಲು ನಮಗೊಂದು ನೆಲ ಸಿಗುತ್ತದೆ. ಬರದಿದ್ದರೆ ನಾವು ಯಾರೂ ಅಲ್ಲ.

ಮತ್ತೆ ಅವರು ಕೇಳುವ ಮೊದಲ ಪ್ರಶ್ನೆ ಯಾವುದು ಗೊತ್ತಾ? 'ನೀವು ಹೊರಗಿನಿಂದ ಬಂದವರು, ಆದಿವಾಸಿಗಳು ಹೇಗಾಗುತ್ತೀರಿ?' ತಾಲ್ಲೂಕು ಆಫೀಸಿನ ಗುಮಾಸ್ತ ಈಗಾಗಲೇ ಹಾಗಂದಿದ್ದಾನೆ. ಅವನಿಗೆ ನಾನು, ಗೋವೆಯ ಪೋರ್ಚುಗೀಸ್ ಯಜಮಾನರಿಂದ ತಪ್ಪಿಸಿಕೊಂಡು ಬಂದವರ ಹೆಸರೂ ಉಳಿಯದಷ್ಟು ಕಾಲವಾಯಿತು, ನಮ್ಮ ಹಿರಿಯರ ಕಲ್ಲು ಇರುವುದು ಈ ಮತ್ತಿಮರದ ಬುಡದಲ್ಲಿ, ಮತ್ತೆಲ್ಲೂ ಇಲ್ಲ ಅಂದೆ. ಇಗರ್ಜಿಗೆ ಹೋಗುವ ನಾವು, ದೇವಸ್ಥಾನಕ್ಕೆ ಹೋಗುವ ಸಿದ್ದಿಗಳು, ಮಸೀದಿಗೆ ಹೋಗುವ ಸಿದ್ದಿಗಳು, ಎಲ್ಲರೂ ಹಿರಿಯರ ಪೂಜೆಗೆ ಒಂದೇ ಕಲ್ಲಿನ ಮುಂದೆ ಬರುತ್ತೇವಲ್ಲ, ಅದನ್ನು ಹೇಳಿದೆ. ಪಕ್ಕದ ಕುಣಬಿಗಳ ಜೊತೆ ಒಂದೇ ಮರದ ಜೇನು ಇಳಿಸಿ ಬದುಕಿದ್ದೇವೆ.

ನೀನು ಒಂದು ಕೆಲಸ ಮಾಡು. ಐಟಿಐ ಓದಿ ವಿದೇಶಕ್ಕೆ ಹೋದವನು ನಮ್ಮ ಕೇರಿಯಲ್ಲಿ ನೀನೊಬ್ಬನೇ. ಒಂದು ಪುಟ ಬರೆದು ಸಹಿ ಮಾಡಿ ಕಳಿಸು. ಹುಟ್ಟಿದ್ದೆಲ್ಲಿ, ಹಿರಿಯರ ಮಣ್ಣೆಲ್ಲಿ, ನಾವು ಯಾರು, ಅಷ್ಟೇ. ಆಫ್ರಿಕಾ ಎಂಬ ಪದ ಅದರಲ್ಲಿ ಬರಕೂಡದು.

ನಿನ್ನ ಝುವೈನಾ ಮೇಡಂ ಬಗ್ಗೆಯೂ ಒಂದು ಪ್ರಶ್ನೆ. ಝಾಂಜಿಬಾರಿನಲ್ಲಿ ಅವರ ಮನೆಯವರಿಗೆ ಲವಂಗದ ತೋಟ ಇತ್ತಾ? ಇದ್ದರೆ ಅದರಲ್ಲಿ ದುಡಿದವರು ಯಾರು ಎಂದು ಕೇಳು.

ಶಾಲಿನ ಕಥೆ ಏನು?

ಇಸಾಬೆಲ್ಲಾ


ಅಲ್ ಖುವೈರ್
21 ಡಿಸೆಂಬರ್ 2001

ಅಕ್ಕಾ,

ನೀನು ಕೇಳಿದ ಪುಟ ನಾನು ಬರೆಯಲಾರೆ. ಎರಡು ಸಲ ಕುಳಿತೆ, ಎರಡು ಸಲವೂ ಹರಿದೆ. ಆಫ್ರಿಕಾ ಎಂಬ ಪದ ಬಾರದ ಹಾಗೆ ನಾನು ಯಾರೆಂದು ಬರೆಯುವುದು ಹೇಗೆ? ಕನ್ನಡಿಯಲ್ಲಿ ಮುಖ ನೋಡಿಕೊಂಡು ಮುಖದ ಮಾತೇ ಎತ್ತಬೇಡ ಅಂದ ಹಾಗಾಯಿತು. 'ಕಾಡಿನವರು' ಎಂಬ ಹೆಸರು ನಾವು ಇಟ್ಟುಕೊಂಡದ್ದಾ? ನಮ್ಮನ್ನು ಅಂಗಳದ ಆಚೆ ನಿಲ್ಲಿಸಿ ಮೇಲಿನಿಂದ ನೀರು ಹೊಯ್ದವರು ಇಟ್ಟದ್ದು. ಅವರು ಕೊಟ್ಟ ಹೆಸರನ್ನೇ ಸರ್ಕಾರದ ಪಟ್ಟಿಯಲ್ಲಿ ಬರೆಸಿಕೊಳ್ಳಲು ಅರ್ಜಿ ಹಾಕಿಕೊಂಡು ನಿಂತಿದ್ದೀರಲ್ಲ!

ನಿನ್ನ ಪ್ರಶ್ನೆ ಕೇಳಿದೆ. ಕೇಳಬಾರದಿತ್ತು ಅನ್ನಿಸಿತು. ಕಾರು ಸಿಗ್ನಲ್ಲಿನಲ್ಲಿ ನಿಂತಿತ್ತು.  ಮೇಡಂ ಹಿಂದಿಯಲ್ಲಿ, 'ನನ್ನ ಅಪ್ಪನ ಅಪ್ಪ ತೋಟದ ಮಾಲೀಕ, ರೊನಾಲ್ಡ್. ನನ್ನ ಅಮ್ಮನ ಅಜ್ಜಿ ಆ ತೋಟಕ್ಕೆ ಕೊಂಡು ತಂದವಳು. ನಾನು ಯಾರ ಕಡೆ ಕೂರಲಿ, ನೀನೇ ಹೇಳು,' ಅಂದರು. ಅರವತ್ನಾಲ್ಕರ ಗಲಭೆಯಲ್ಲಿ ಝಾಂಜಿಬಾರಿನಿಂದ 'ನೀವು ಅರಬರು' ಎಂದು ಓಡಿಸಿದರಂತೆ. ಇಲ್ಲಿಗೆ ಬಂದರೆ 'ಝಾಂಜಿಬಾರಿಗಳು ಬಂದರು' ಅಂದರಂತೆ. ಇದನ್ನೆಲ್ಲ ನಗುತ್ತಲೇ ಹೇಳುತ್ತಾರೆ.

ಮರುದಿನ ಅವರೇ ಮನೆಯೊಳಗೆ ಕರೆದು ಹಲ್ವ, ಕಹ್ವಾ ಎಂಬ ಅರಬ್ಬಿ ಕಾಫಿ ಕೊಟ್ಟರು. ನಾನು ಒಂದು ಪರೀಕ್ಷೆ ಮಾಡೋಣ ಎಂದು ಅಜ್ಜಿಯ ಕೌದಿಯನ್ನು ಚೀಲದಲ್ಲಿ ತೆಗೆದುಕೊಂಡು ಹೋಗಿದ್ದೆ. ಅವರ ತಾಯಿಗೆ ತೊಂಬತ್ತರ ಹತ್ತಿರ. ಕೌದಿ ಬಿಡಿಸಿ ಮುಂದೆ ಹಾಸಿದೆ. ಈಗ ಈ ಮುದುಕಿ ಕಣ್ಣೀರು ಹಾಕುತ್ತಾಳೆ, 'ನಮ್ಮೂರಿನದು' ಅನ್ನುತ್ತಾಳೆ ಎಂದು ಕಾದು ಕೂತೆ! ಅವಳು ಮೂಲೆಯ ಮಡಿಕೆಗಳನ್ನು ಮುಟ್ಟಿ ನೋಡಿ, 'ಹಿಂದಿ, ಹಿಂದಿ' ಅಂದಳು. ಇಂಡಿಯಾದ್ದು ಅಂತ. ಇಂಥದ್ದನ್ನು ಅವಳು ಎಲ್ಲೂ ಕಂಡಿಲ್ಲವಂತೆ. ಆಮೇಲೆ ಕಾಲಿನ ಮೇಲೆ ಎಳೆದುಕೊಂಡು ನಿದ್ದೆ ಹೋದಳು!

ಅದರಿಂದ ನನ್ನ ವಾದ ಸೋತಿತು ಎಂದುಕೊಳ್ಳಬೇಡ. ಒಬ್ಬ ಮುದುಕಿಗೆ ಗೊತ್ತಿಲ್ಲದಿದ್ದರೆ ಖಂಡಕ್ಕೇ ಗೊತ್ತಿಲ್ಲವಾ? ಕ್ರಿಸ್‌ಮಸ್ ಶುಭಾಶಯ. ಅಜ್ಜಿಯ ದಮಾಮಿಗೆ ಹೊಸ ಚರ್ಮ ಹಾಕಿಸಿದಿರಾ? ಡ್ರಮ್ಮಿನ ಸದ್ದಿಲ್ಲದ ಹಬ್ಬ ನನಗೆ ಇದೇ ಮೊದಲು.

ಶಾಲಿನ ಕಥೆಯಲ್ಲಿ ಏನೂ ಇಲ್ಲ. ಎಲ್ಲರಿಗೂ ಹೊದಿಸುತ್ತಾರೆ.

ರೊನಾಲ್ಡ್


ಹುಲಿಕಾನ
15 ಜನವರಿ 2002

ರೊನಾಲ್ಡ್,

ಶಾಲಿನ ಕಥೆ ನನಗೆ ಗೊತ್ತಾಯಿತು. ಇಡೀ ತಾಲ್ಲೂಕಿಗೇ ಗೊತ್ತಾಗಿದೆ.

ಹುಬ್ಬಳ್ಳಿಯ ಪತ್ರಿಕೆಯಲ್ಲಿ ಫೋಟೊ ಬಂದಿದೆ. 'ಮಸ್ಕತ್‌ನಲ್ಲಿ ಆಫ್ರಿಕನ್ ಪ್ರಜೆಯ ಕನ್ನಡ ಪ್ರೇಮ! ಮೂರೇ ತಿಂಗಳಲ್ಲಿ ಕನ್ನಡ ಕಲಿತ ರೊನಾಲ್ಡ್‌ಗೆ ಇನ್ನೂರು ಕನ್ನಡಿಗರ ಸಮ್ಮುಖದಲ್ಲಿ ಸನ್ಮಾನ.' ಮೂರೇ ತಿಂಗಳು! ನಾಲ್ಕು ವರ್ಷ ನಿನ್ನ ಕೈ ಹಿಡಿದು ಮರಳಿನ ಮೇಲೆ ಅಆಇಈ ತಿದ್ದಿಸಿದವಳು ನಾನು. 'ಳ' ಬರೆಯಲು ಒಂದು ಮಳೆಗಾಲ ತೆಗೆದುಕೊಂಡೆ ನೀನು. ಇಗರ್ಜಿಯ ಪಾದ್ರಿಗಳಿಂದ ಹಿಡಿದು ಬಸ್ಸಿನ ಕಂಡಕ್ಟರನವರೆಗೆ ಎಲ್ಲರೂ ತೋರಿಸಿ ನಗುತ್ತಿದ್ದಾರೆ. ನಾನೂ ನಗುತ್ತಿದ್ದೆ, ಇಲ್ಲ ಅನ್ನುವುದಿಲ್ಲ, ಅಷ್ಟರಲ್ಲಿ ಆ ಗುಮಾಸ್ತ ನಮ್ಮ ಅರ್ಜಿಯ ಕಡತದೊಳಗೆ ಆ ತುಂಡನ್ನು ಟ್ಯಾಗ್ ಹಾಕಿ ಸೇರಿಸಿದ. ನನಗೆ ತೋರಿಸಿಯೇ ಸೇರಿಸಿದ. 'ನಿಮ್ಮ ಮನೆಯವರೇ ಒಪ್ಪಿಕೊಂಡಾರಲ್ರೀ, ಆಫ್ರಿಕಾದವ್ರು ಅಂತ. ಇನ್ನೇನು ಸಾಕ್ಷಿ ಬೇಕು?' ಅಂದ.

ಸಾಹೇಬರು ಫೆಬ್ರವರಿ ಇಪ್ಪತ್ತೆರಡಕ್ಕೆ ಬರುತ್ತಾರೆ. ಅಪ್ಪ ಅರ್ಜಿ ಹಿಡಿದು ಕಾರವಾರಕ್ಕೆ ನಡೆದದ್ದು ಎಷ್ಟು ಸಲ ಎಂದು ನಿನಗೂ ಗೊತ್ತು. ಅದೆಲ್ಲ ಒಂದು ಫೋಟೊದಲ್ಲಿ ಖಲಾಸ್. ನಿನ್ನ ಅರಬ್ಬಿಯಲ್ಲಿ ಹೀಗೆ ತಾನೆ ಹೇಳುವುದು?

ಅಜ್ಜಿ ಫೋಟೊ ಹಿಡಿದು ಬಹಳ ಹೊತ್ತು ನೋಡಿದಳು. 'ಹಾಗಲಕಾಯಿ ತಿಂದವನ ಹಾಗೆ ಯಾಕೆ ನಿಂತಿದ್ದಾನೆ ಇವನು?' ಅಂತ ಕೇಳಿದಳು.  ಉತ್ತರ ನೀನೇ ಬರೆ.

ಇಸಾಬೆಲ್ಲಾ


ಅಲ್ ಖುವೈರ್
3 ಫೆಬ್ರವರಿ 2002

ಅಕ್ಕಾ,

ನಿನ್ನ ಕಾಗದ ಇವತ್ತು ಸಿಕ್ಕಿತು. ನಿಂತುಕೊಂಡೇ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಾದರೆ ಬೈಯಬೇಡ. ಎಲ್ಲವನ್ನೂ ಹೇಳುತ್ತೇನೆ.

ಮೊದಲ ಕಾಗದದಲ್ಲಿ ಬೀದಿಯಲ್ಲಿ ಯಾರೂ ತಿರುಗಿ ನೋಡುವುದಿಲ್ಲ ಎಂದು ಬರೆದೆನಲ್ಲ, ಅದು ನಿಜ. ಬೀದಿಯಲ್ಲಿ ನೋಡಲಿಲ್ಲ. ನಮ್ಮವರ ರಾಜ್ಯೋತ್ಸವದ ಸಭಾಂಗಣದೊಳಗೆ ಕಾಲಿಟ್ಟ ಕೂಡಲೇ ಎಲ್ಲರೂ ನೋಡಿದರು. ಬೀದಿ ಎಂದು ಬರೆದು ಆ ಸಭಾಂಗಣವನ್ನು ಬಿಟ್ಟೆ.

ನನಗೆ ಎಷ್ಟು ಆಸೆಯಿತ್ತು ಗೊತ್ತಾ ಆ ದಿನ! ಇಲ್ಲಿಗೆ ಬಂದಾಗಿನಿಂದ ಮನಸಾರೆ ಕನ್ನಡ ಆಡಿರಲಿಲ್ಲ. ನಮ್ಮ ಕಟ್ಟಡದ ಕೆಳಗೆ ಚಹಾ ಅಂಗಡಿ ಇಟ್ಟಿರುವ ಉಳ್ಳಾಲದ ಬ್ಯಾರಿ ಮಹ್ರೂಫ್ ಒಬ್ಬನೇ ನನ್ನ ಕನ್ನಡದ ಗಿರಾಕಿ, ಅವನಿಗೂ ಪುರುಸೊತ್ತಿಲ್ಲ. ಬಿಳಿ ಅಂಗಿ ಇಸ್ತ್ರಿ ಮಾಡಿಕೊಂಡು ಹೋದೆ. ಬಾಗಿಲಲ್ಲಿ ಸಂಘದ ಕಾರ್ಯದರ್ಶಿ ನಂದನ್ ಎಂಬವರು, ಮೈಸೂರಿನವರು, ಪಾನಕ ಕೊಡುತ್ತ ನಿಂತಿದ್ದರು. ನನಗೆ ಮಾತ್ರ ಇಂಗ್ಲಿಷಿನಲ್ಲಿ, ಡ್ರೈವರುಗಳಿಗೆ ಹೊರಗೆ ಊಟ ಇದೆ ಅಂದರು. ನಾನು 'ಇಲ್ಲ ಸರ್, ನಾನೂ ಕಾರ್ಯಕ್ರಮಕ್ಕೇ ಬಂದೆ' ಅಂದೆ.

'ಅಯ್ಯೋ! ಇವರು ಕನ್ನಡ ಮಾತಾಡ್ತಾರೆ ಕಣ್ರೀ! ಬನ್ರೀ, ಬನ್ರೀ ಇಲ್ಲಿ!'

ಒಂದು ನಿಮಿಷದಲ್ಲಿ ಇಪ್ಪತ್ತು ಜನ ಸುತ್ತ ನಿಂತರು. 'ಇನ್ನೊಂದ್ಸಲ ಹೇಳಿ ಸಾರ್!' ಅನ್ನುತ್ತಾರೆ. 'ಅಳಿಲು ಅನ್ನಿ ನೋಡೋಣ' ಅನ್ನುತ್ತಾರೆ. ಅಂದೆ. ಚಪ್ಪಾಳೆ! ಯಾರೋ 'ಎಷ್ಟು ದಿನದಲ್ಲಿ ಕಲಿತ್ರಿ?' ಎಂದು ಕೇಳಿದರು. ಅಕ್ಕಾ, ಯಲ್ಲಾಪುರ ಅನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅಂದಿದ್ದರೆ ಏನಾಗುತ್ತಿತ್ತು ಎಂದು ನನಗೆ ಗೊತ್ತು. ಎಲ್ಲರೂ 'ಓ' ಎಂದು ಸುಮ್ಮನಾಗಿ ಪಾನಕದ ಕಡೆ ಹೋಗುತ್ತಿದ್ದರು. ಆ 'ಓ' ನಾನು ಜೀವಮಾನದಲ್ಲಿ ಸಾಕಷ್ಟು ಕೇಳಿದ್ದೇನೆ. ಅಣಕಿಸುವುದಕ್ಕೆ, 'ಮೂರು ತಿಂಗಳು' ಎಂದುಬಿಟ್ಟೆ. ಅವರಿಗೆ ಅಣಕ ಅರ್ಥವಾಗಲಿಲ್ಲ. ನಂದನ್ ಕೈ ಹಿಡಿದು ವೇದಿಕೆಗೆ ಎಳೆದುಕೊಂಡು ಹೋದರು. ಕೆಂಪು ಹಳದಿ ಅಂಚಿನ ಶಾಲು, ಹಾರ, ಫೋಟೊ. ಇನ್ನೂರು ಕನ್ನಡಿಗರು ಎದ್ದು ನಿಂತು ನನ್ನ ಕನ್ನಡಕ್ಕೆ ಚಪ್ಪಾಳೆ ತಟ್ಟಿದರು. ನಾಚಿಕೆ ಬಿಟ್ಟು ಹೇಳುತ್ತೇನೆ, ಆ ಐದು ನಿಮಿಷ ನನಗೆ ಖುಷಿಯಾಯಿತು. ಅಜ್ಜಿ ಕಂಡ ಹಾಗಲಕಾಯಿ ಅದೇ.

ಅದನ್ನು ನುಂಗಿಕೊಳ್ಳಲು ಆಫ್ರಿಕಾ ಬೇಕಾಯಿತು. ನಮ್ಮವರು ನನ್ನನ್ನು ಹೊರಗಿನವನು ಅಂದರೆ ಆಗಲಿ, ನನಗೆ ದೊಡ್ಡ ಮನೆಯೇ ಇದೆ ಎಂದು ನಿನಗೆ ಬರೆದೆ. ಇವತ್ತು ಝುವೈನಾ ಮೇಡಂಗೆ ಎಲ್ಲ ಹೇಳಿದೆ. ಅವರು ಕಾರು ನಿಲ್ಲಿಸು ಅಂದರು. 'ನಿನ್ನ ಮನೆಯಲ್ಲೇ ನಿನ್ನನ್ನು ಅತಿಥಿ ಮಾಡಿದರು, ನೀನು ಶಾಲು ಹೊದ್ದು ಕೂತೆಯಾ? ನನ್ನನ್ನು ಇಲ್ಲಿ ಯಾರಾದರೂ ಅರಬ್ಬಿ ಚೆನ್ನಾಗಿ ಕಲಿತಿದ್ದೀಯ ಅಂದಿದ್ದರೆ ಆ ಶಾಲಿನಿಂದಲೇ ಬಾರಿಸುತ್ತಿದ್ದೆ!' ಅಂದರು. ಆಮೇಲೆ, 'ಯಲ್ಲಾ, ನಡೆ, ನಿನ್ನ ಅಕ್ಕನಿಗೆ ಬರೆ' ಎಂದು ತಾವೇ ಅಂಚೆ ಕಚೇರಿಗೆ ಕರೆತಂದರು. ಇಲ್ಲೇ ನಿಂತು ಬರೆಯುತ್ತಿದ್ದೇನೆ.

ನೀನು ಕೇಳಿದ ಪುಟ ಇದರೊಳಗಿದೆ. ನೀನು ಹೇಳಿದ ಹಾಗೇ ಬರೆದಿದ್ದೇನೆ. ಆಫ್ರಿಕಾ ಎಂಬ ಪದ ಇಲ್ಲ. ಮತ್ತಿಮರ ಇದೆ, ಕಲ್ಲು ಇದೆ, ಜೇನು ಇದೆ, ನನ್ನ ಸುಳ್ಳಿನ ತಪ್ಪೊಪ್ಪಿಗೆಯೂ ಇದೆ. ಇಪ್ಪತ್ತೆರಡರೊಳಗೆ ಇದು ನಿನ್ನ ಕೈ ಸೇರಲಿ ದೇವರೇ.

ರೊನಾಲ್ಡ್


ಹುಲಿಕಾನ
26 ಫೆಬ್ರವರಿ 2002

ರೊನ್ನೂ,

ಸೇರಲಿಲ್ಲ! ನಿನ್ನ ಲಕೋಟೆ ನಿನ್ನೆ ಬಂತು. ವಿಚಾರಣೆ ಶುಕ್ರವಾರವೇ ಮುಗಿಯಿತು. ತಾಳು, ಹೆದರಬೇಡ, ಸಾಲಾಗಿ ಹೇಳುತ್ತೇನೆ.

ಬೆಳಿಗ್ಗೆ ಹತ್ತಕ್ಕೆ ಜೀಪು ಬಂತು. ಶಾಲೆಯ ಅಂಗಳದಲ್ಲಿ ಚಾಪೆ ಹಾಸಿದ್ದೆವು. ಮೂರೂ ಮತದ ಸಿದ್ದಿಗಳೂ ಬಂದಿದ್ದರು, ಕುಣಬಿ ಕೇರಿಯವರೂ ಬಂದಿದ್ದರು. ಸಾಹೇಬರು ಕನ್ನಡಕದ ಮನುಷ್ಯ, ಸೌಮ್ಯ. ಗುಮಾಸ್ತ ಮಾತ್ರ ಮದುವೆ ಮನೆಯ ಯಜಮಾನನ ಹಾಗೆ ಓಡಾಡುತ್ತಿದ್ದ. ನಾನು ಕಲಿತು ಇಟ್ಟುಕೊಂಡದ್ದನ್ನೆಲ್ಲ ಹೇಳಿದೆ. ಮಣ್ಣು, ಮರ, ಜೇನು. ಸಾಹೇಬರು ಬರೆದುಕೊಂಡರು. ಆಮೇಲೆ ಗುಮಾಸ್ತ ಕಡತ ಬಿಡಿಸಿ ನಿನ್ನ ಮುಖದ ಮೇಲೆ ಬೆರಳಿಟ್ಟ.

'ಈತ ನಿಮ್ಮ ತಮ್ಮನೇ?' ಸಾಹೇಬರು ಕೇಳಿದರು.

'ಹೌದು ಸರ್.'

'ಆಫ್ರಿಕಾದವನು ಎಂದು ಬರೆದಿದೆಯಲ್ಲ.'

ಅಲ್ಲ, ಅದು ತಮಾಷೆ, ಅವನು ದಡ್ಡ ಎಂದು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ, ರೊನ್ನೂ, ಫೋಟೊದಲ್ಲಿ ಆ ಶಾಲಿನೊಳಗೆ ನಿನ್ನ ಮುಖ ನೋಡಿದೆ. ಅಪ್ಪನ ಮುಖ ಅದು, ನನ್ನ ಮುಖವೂ ಅದೇ. ಈ ಮುಖದ ಮಾತು ಎತ್ತಬೇಡ ಎಂದು ನಿನಗೆ ಬರೆದವಳು ನಾನೇ ಅಲ್ಲವಾ? ಸಿಟ್ಟು ಉಕ್ಕಿತು. ಯಾರ ಮೇಲೆ ಎಂದು ಗೊತ್ತಿಲ್ಲ.

'ಹೌದು ಸರ್,' ಅಂದೆ, 'ಆಫ್ರಿಕಾದವರೇ. ಮುಖ ಅಲ್ಲಿಂದಲೇ ಬಂದದ್ದು. ಕದ್ದು ತಂದರು, ಮಾರಿದರು, ಓಡಿಬಂದೆವು. ಅದನ್ನು ಮುಚ್ಚಿಡುವುದಿಲ್ಲ. ಆದರೆ ಆ ಪೇಪರನ್ನು ಇನ್ನೊಂದು ಸಲ ಓದಿ. ಇವನು ಹುಟ್ಟಿದ್ದು ಈ ಶಾಲೆಯ ಹಿಂದಿನ ಗುಡಿಸಲಿನಲ್ಲಿ. ಕನ್ನಡ ಕಲಿತದ್ದು ಈ ಅಂಗಳದಲ್ಲಿ. ಇನ್ನೂರು ಜನ ಓದಿದ ಕನ್ನಡಿಗರು ಇವನನ್ನು ನೋಡಿದರು, ಇವನ ಮಾತು ಕೇಳಿದರು. ಇವನು ನಮ್ಮವನು ಎಂದು ಒಬ್ಬರಿಗೂ ಅನ್ನಿಸಲಿಲ್ಲ. ಇಷ್ಟು ತಲೆಮಾರು ಇದೇ ಕಾಡಿನಲ್ಲಿದ್ದರೂ ನಾವಿದ್ದೇವೆ ಎಂದೇ ನಾಡಿಗೆ ಗೊತ್ತಿಲ್ಲ. ನಿಮ್ಮ ಅರ್ಜಿಯಲ್ಲಿ ಒಂದು ಕಲಂ ಇದೆಯಲ್ಲ, ಹೊರಗಿನ ಜನರ ಸಂಪರ್ಕದಿಂದ ದೂರ ಉಳಿದವರೇ ಅಂತ? ಅದಕ್ಕೆ ನಮ್ಮಲ್ಲಿ ಬೇರೆ ಸಾಕ್ಷಿ ಇಲ್ಲ ಸರ್. ಇದನ್ನೇ ಇಟ್ಟುಕೊಳ್ಳಿ. ಗುಮಾಸ್ತರು ಪುಣ್ಯಾತ್ಮರು, ಅವರೇ ಟ್ಯಾಗ್ ಹಾಕಿ ಕೊಟ್ಟಿದ್ದಾರೆ!'

 ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು, ನೋಡನೋಡುತ್ತ ಅಂಗಳವೇ ನಕ್ಕಿತು! ಸಾಹೇಬರು ಕನ್ನಡಕ ತೆಗೆದು ಒರೆಸಿಕೊಂಡರು. ಗುಮಾಸ್ತನ ಮುಖ ನೀನು ನೋಡಬೇಕಿತ್ತು ಮಾರಾಯ.

ಸಾಹೇಬರು ಬಿಡಲಿಲ್ಲ. 'ಆದರೂ ಅಮ್ಮಾ, ಮೂಲನಿವಾಸಿ ಎಂದರೆ ಮೊದಲಿಂದ ಇದ್ದವರು ಎಂದಲ್ಲವೇ?' ಅಂದರು. ಆಗ ಕುಣಬಿ ಕೇರಿಯ ಹಿರಿಯಜ್ಜ ಎದ್ದ. 'ಮೊದಲಿಂದ ಇದ್ದವ್ರು ನಾವ್ರಿ. ನಾವು ಹೇಳ್ತೇವಿ, ಇವ್ರು ನಮ್ಮ ಜೋಡೀನ ಅದಾರ. ಜೇನು ಇಳಸೂದು ನಮ್ಮವ್ರು ಕಲಿಸಿದ್ರು, ದಮಾಮಿ ಬಾರ್ಸೂದು ಇವ್ರು ಕಲಿಸಿದ್ರು,' ಅಂದ. ಅಜ್ಜಿ ಕೂತಲ್ಲಿಂದಲೇ ಕೈ ಎತ್ತಿದಳು.

'ನಾವು ಓಡಿ ಬಂದಾಗ ಎಲ್ಲಿಂದ ಬಂದ್ರಿ ಅಂತ ಈ ಅಡವಿ ಕೇಳ್ಲಿಲ್ರಿ ಸಾಹೇಬ್ರ. ಒಳಗ ಕರ್ಕೊಂತು. ಕೇಳಾಕ ಹತ್ತಿದವ್ರು ನೀವ ಮೊದಲ್ನೇದವ್ರು.'

ಸಾಹೇಬರು ಅದನ್ನೂ ಬರೆದುಕೊಂಡರು. ಏನಾಗುತ್ತದೋ ತಿಳಿಯದು, ದೆಹಲಿಯವರೆಗೆ ಹೋಗಬೇಕಂತೆ. ಆದರೆ ಜೀಪು ಹೋದ ಮೇಲೆ ಅಜ್ಜಿ ದಮಾಮಿ ತರಿಸಿ ಬಾರಿಸಿದಳು, ನಾನು ಕುಣಿದೆ! ಮೂವತ್ತನಾಲ್ಕು ವರ್ಷದ ಅಂಗನವಾಡಿ ಟೀಚರ್!

ನಿನ್ನೆ ನಿನ್ನ ಪುಟ ಓದಿ ಮತ್ತೆ ನಗು. ನೀನು ನನ್ನ ಮಾತು ಬರೆದಿದ್ದೀಯ, ನಾನು ನಿನ್ನ ಮಾತು ಆಡಿದ್ದೇನೆ. ಇನ್ನು ಯಾರ ಜೊತೆ ಜಗಳ ಆಡುವುದು? ಝುವೈನಾ ಮೇಡಂಗೆ ನನ್ನ ನಮಸ್ಕಾರ. ಲವಂಗದ ತೋಟದ ಮಾತಿಗೆ ಕ್ಷಮೆ ಕೇಳಿದೆ ಎಂದು ಹೇಳು. ಆದರೆ ಪ್ರಶ್ನೆ ತಪ್ಪಲ್ಲ ಎಂದೂ ಹೇಳು.

ಇನ್ನೊಂದು ಬಾಕಿ ಇದೆ. ನಾನು ನನ್ನ ಅಂಗಳದಲ್ಲಿ ಹೇಳಿದೆ. ನಿನ್ನ ಸಭಾಂಗಣದಲ್ಲಿ ಹೇಳುವವರು ಯಾರು?

ಇಸಾಬೆಲ್ಲಾ


ಅಲ್ ಖುವೈರ್
21 ಏಪ್ರಿಲ್ 2002

ಅಕ್ಕಾ,

ಹೇಳಿದೆ!

ಮೊನ್ನೆ ಶುಕ್ರವಾರ ಸಂಘದ ಯುಗಾದಿ. ಶಾಲು ಮಡಿಸಿ ಚೀಲದಲ್ಲಿಟ್ಟುಕೊಂಡು ಹೋದೆ. ನಂದನ್ ಓಡಿಬಂದು, 'ಬನ್ನಿ ಬನ್ನಿ, ಹೊಸಬರಿಗೆ ಎರಡು ಮಾತು ಹೇಳಿ' ಎಂದು ತಾವೇ ಮೈಕ್ ಕೊಟ್ಟರು.  'ನನ್ನ ಪೂರ್ತಿ ಹೆಸರು ರೊನಾಲ್ಡ್ ಸಿದ್ದಿ,' ಅಂದೆ. 'ಊರು ಯಲ್ಲಾಪುರ ತಾಲ್ಲೂಕು ಹುಲಿಕಾನ. ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಕನ್ನಡ. ಕನ್ನಡ ಕಲಿಯಲು ನನಗೆ ಮೂರು ತಿಂಗಳು ಸಾಕಾಗಲಿಲ್ಲ. ಹತ್ತು ವರ್ಷ ಬೇಕಾಯಿತು. ಅಕ್ಕನಿಂದ ಬೆತ್ತದ ಏಟೂ ಬೇಕಾಯಿತು. ಅವತ್ತು ನೀವು ಕೇಳಿದ್ದಕ್ಕೆ ಸಿಟ್ಟಿನಲ್ಲಿ ಸುಳ್ಳು ಹೇಳಿದೆ. ತಪ್ಪಾಯಿತು. ಆದರೆ ನೀವು ಕೇಳಿದ್ದರಿಂದ ನನಗೂ ನೋವಾಯಿತು.' ಶಾಲು ಮೇಜಿನ ಮೇಲಿಟ್ಟೆ.

 ಶರಬತ್ತಿನ ಡ್ರಮ್ಮು ತಂದಿದ್ದ ಮಹ್ರೂಫ್ ಹಿಂದಿನಿಂದ, 'ಎಂತ ಮಾರಾಯ್ರೇ, ಇಷ್ಟು ದಿನ ಗೊತ್ತಿರಲಿಲ್ವಾ ನಿಮ್ಗೆ? ನನ್ನ ಅಂಗಡಿಯಲ್ಲಿ ದಿನಾ ಚಾ ಕುಡೀತಾನೆ, ಒಂದು ಮಾತು ನನ್ನತ್ರ ಕೇಳ್ಬಾರ್ದಿತ್ತಾ?' ಎಂದು ಕೂಗಿದ. ಯಾರೂ ನಗಲಿಲ್ಲ. ನಂದನ್ ಕೆಂಪಗಾಗಿ ನಿಂತಿದ್ದರು. ಆಮೇಲೆ ಮೈಕ್ ಇಲ್ಲದೆಯೇ, 'ರೊನಾಲ್ಡ್, ನಾನು ಶಾಲೆಯಲ್ಲಿ ಕರ್ನಾಟಕದ ನಕ್ಷೆ ನೂರು ಸಲ ಬರ್ದಿದೀನಿ. ನಿಮ್ಮ ಜನರ ಹೆಸರೇ ಕೇಳಿರಲಿಲ್ಲ. ನಂಗೆ ನಾಚಿಕೆ ಆಗ್ತಿದೆ' ಅಂದರು. ಪಾಪ, ಮನುಷ್ಯ ಒಳ್ಳೆಯವನೇ. ಶಾಲು ವಾಪಸು ತೆಗೆದುಕೊಳ್ಳಲು ಒಪ್ಪಲಿಲ್ಲ. ಕನ್ನಡಿಗನಾಗಿ ಇಟ್ಟುಕೊಳ್ಳಿ ಅಂದರು. ಕನ್ನಡಿಗನಾಗಿದ್ದಕ್ಕೆ ಶಾಲು ಕೊಡುವುದಾದರೆ ಇಲ್ಲಿರುವ ಎಲ್ಲರಿಗೂ ಕೊಡಿ ಅಂದೆ. ಆಗ ನಕ್ಕರು. ಊಟಕ್ಕೆ ಅವರ ಪಕ್ಕದಲ್ಲೇ ಕೂರಿಸಿಕೊಂಡು, ಹುಲಿಕಾನಕ್ಕೆ ಮೈಸೂರಿನಿಂದ ಬಸ್ಸು ಹೇಗೆ ಎಂದು ಕೇಳಿ ಬರೆದುಕೊಂಡರು.

ಝುವೈನಾ ಮೇಡಂ ಹೊರಗೆ ಕಾರಿನಲ್ಲಿ ಕಾಯುತ್ತಿದ್ದರು. ಹೋಳಿಗೆ ಕೊಟ್ಟೆ. ನಿನ್ನ ಕ್ಷಮೆಯನ್ನೂ ಪ್ರಶ್ನೆಯನ್ನೂ ಒಟ್ಟಿಗೆ ಹೇಳಿದೆ. 'ನಿನ್ನ ಅಕ್ಕನನ್ನು ನಾನು ನೋಡಲೇಬೇಕು' ಅಂದರು.

ಶಾಲು ನನ್ನ ಕೋಣೆಯಲ್ಲಿ ಬೇಡ. ಊರಿಗೆ ಹೋಗುವ ಮಹ್ರೂಫನ ಕೈಯಲ್ಲಿ ಕಳಿಸುತ್ತಿದ್ದೇನೆ, ಅವನು ಹುಬ್ಬಳ್ಳಿಗೆ ಬರುತ್ತಾನಂತೆ. ಏನು ಮಾಡಬೇಕೋ ಅಜ್ಜಿ ಹೇಳಲಿ.

ರೊನಾಲ್ಡ್


ಹುಲಿಕಾನ
4 ಫೆಬ್ರವರಿ 2003

ರೊನ್ನೂ,

ಬಂತು! ಪಟ್ಟಿಯಲ್ಲಿ ನಮ್ಮ ಹೆಸರು ಬಂತು! ಯಲ್ಲಾಪುರದ ಬೂತಿನಿಂದ ನಿನಗೆ ಫೋನು ಮಾಡಿ ಬರೀ ಕಿರುಚಿದೆನಲ್ಲ, ಈಗ ಸಮಾಧಾನದಲ್ಲಿ ಬರೆಯುತ್ತಿದ್ದೇನೆ. ಸಾಹೇಬರ ವರದಿಯಿಂದ ಬಂತೋ, ಅಪ್ಪನ ಕಾಲದವರ ಅರ್ಜಿಗಳಿಂದ ಬಂತೋ, ನನಗೆ ಗೊತ್ತಿಲ್ಲ. ಎಲ್ಲರದ್ದೂ ಸೇರಿಯೇ ಬಂದಿರಬೇಕು. ಮೂರು ದಿನ ಕುಣಿದಿದ್ದೇವೆ, ನನ್ನ ಮೊಣಕಾಲು ಊದಿದೆ. ಗಾರ್ಡು ಮೊನ್ನೆ ಈ ಕಡೆ ಬಂದವನು ನೀರು ಕೇಳಿ ಕುಡಿದು ಹೋದ.

ಈಗ ಶಾಲಿನ ಕಥೆ ನಾನು ಹೇಳುತ್ತೇನೆ. ಅಜ್ಜಿ ಅದನ್ನು ಒಂಬತ್ತು ತಿಂಗಳು ಪೆಟ್ಟಿಗೆಯಲ್ಲಿಟ್ಟಿದ್ದಳು. ಪಟ್ಟಿಯ ಸುದ್ದಿ ಬಂದ ಮರುದಿನ ಬೆಳಿಗ್ಗೆ ಕತ್ತರಿ ತೆಗೆದಳು. ನಾನು ಅಯ್ಯೋ ಅನ್ನುವುದರೊಳಗೆ ತುಂಡು ತುಂಡು! ನನ್ನ ಹಳೆಯ ಸೀರೆ, ಅಪ್ಪನ ಅಂಗಿ, ನೀನು ಹುಬ್ಬಳ್ಳಿಗೆ ಹಾಕಿಕೊಂಡು ಹೋಗುತ್ತಿದ್ದ ಖಾಕಿ ಪ್ಯಾಂಟು, ಎಲ್ಲದರ ನಡುವೆ ಆ ಶಾಲನ್ನೂ ಇಟ್ಟು ಅಂಚಿನಿಂದ ಒಳಕ್ಕೆ ಹೊಲಿಯುತ್ತ ಬಂದಿದ್ದಾಳೆ. ಜರಿ ಚುಚ್ಚುತ್ತದೆ ಎಂದು ಅದನ್ನು ಒಳಮಗ್ಗುಲಿಗೆ ಹಾಕಿದಳು. ಕೆಂಪು ಹಳದಿ ಅಂಚನ್ನು ಮಾತ್ರ ಬೇರೆ ತೆಗೆದಿಟ್ಟು ಸಣ್ಣಗೆ ಮಡಿಚಿ ನಾಲ್ಕು ಮೂಲೆಗೆ ಹೂವು ಮಾಡಿದಳು. ಮೂಲೆಗೆ ಹೂವಿಲ್ಲದ ಕೌದಿ ಬತ್ತಲೆ ಎಂದು ಅವಳು ಹೇಳುವುದು ನಿನಗೆ ಗೊತ್ತಲ್ಲ.

ಕೌದಿ ಕಳಿಸುತ್ತಿದ್ದೇವೆ. ಆ ಹಳೆಯದನ್ನು ಝುವೈನಾ ಮೇಡಂ ಅವರ ತಾಯಿಗೆ ಕೊಡು, ಅವರಿಗೆ ಅದರಲ್ಲಿ ಒಳ್ಳೆಯ ನಿದ್ದೆ ಬಂತು ಎಂದು ಬರೆದಿದ್ದೆಯಲ್ಲ.

ಹೊಸದನ್ನು ನೀನು ಹೊದ್ದುಕೋ. ಇದಕ್ಕೆ ಯಾರೂ ಚಪ್ಪಾಳೆ ತಟ್ಟುವುದಿಲ್ಲ.

ನಿನ್ನ ಅಕ್ಕ,
ಇಸಾಬೆಲ್ಲಾ